ಲೇಖಕರ ಕೋರಿಕೆಯ ಮೇರೆಗೆ

ನನಗೊಂದು ನಾಚಿಕೆಯ ಚಾಳಿ ಉಂಟು. ಅದು ಮನೆಯಲ್ಲಿ ಯಾರಿಗಾದರೂ ಗೊತ್ತಾದರೆ ಎಂಬ ಹೆದರಿಕೆಯೂ ಉಂಟು. ಬೆಳಿಗ್ಗೆ ಅಮ್ಮ ನೀರುದೋಸೆ ಹೊಯ್ಯುವ ಹೊತ್ತಿಗೆ ನಾನು ಒಳಕೋಣೆಯ ಬಾಗಿಲು ಓರೆ ಮಾಡಿಕೊಂಡು, ಅಪ್ಪನ ಕಾಲೇಜಿನ ಲೈಬ್ರರಿಯ ಡಿಜಿಟಲ್ ಸಂಗ್ರಹವನ್ನು ಮೊಬೈಲಿನಲ್ಲಿ ತೆರೆದು ನನ್ನದೇ ಹೆಸರು ಹುಡುಕುತ್ತೇನೆ. ಪ್ರಾಪ್ತಿ ಎಂದು ಹೊಡೆದರೆ ಒಂದೇ ಒಂದು ಕೃತಿ ಬರುತ್ತದೆ. ತೊಕ್ಕೊಟ್ಟು ಸುತ್ತಮುತ್ತ ಬೀಡಿ ಕಟ್ಟುತ್ತಿದ್ದ ಹೆಂಗಸರ ಬಗ್ಗೆ ಎಂ.ಎ.ಗೆ ನಾನು ಇಂಗ್ಲಿಷಿನಲ್ಲಿ ಬರೆದ ಪ್ರಬಂಧ. ಅದರ ಕೆಳಗೆ ಎಷ್ಟು ಸಲ ತೆರೆದು ನೋಡಿದ್ದಾರೆ ಎಂಬ ಲೆಕ್ಕ. ಆ ಲೆಕ್ಕದಲ್ಲಿ ಮುಕ್ಕಾಲು ಪಾಲು ನಾನೇ.

ಇದನ್ನು ಯಾರಿಗೆ ಹೇಳುವುದು? ಓದಿ ಮುಗಿಸಿ ಮನೆಯಲ್ಲೇ ಕೂತ ಹುಡುಗಿ ದಿನಾ ತನ್ನ ಹೆಸರನ್ನು ತಾನೇ ನೋಡಿಕೊಳ್ಳುತ್ತಾಳೆ ಎಂದರೆ ಅಣ್ಣ ಕೌಶಲ್ ಒಂದು ತಿಂಗಳು ನಗಬಹುದು.

ದೀಪಾವಳಿ ಕಳೆದ ಮೇಲಿನ ಒಂದು ಬೆಳಿಗ್ಗೆ ಹಾಗೆಯೇ ತೆರೆದೆ. ಪ್ರಬಂಧದ ಹೆಸರು ಇತ್ತು, ನನ್ನ ಹೆಸರು ಇತ್ತು, ಪ್ರಬಂಧ ಇರಲಿಲ್ಲ. ಅದರ ಜಾಗದಲ್ಲಿ ಬೂದು ಬಣ್ಣದ ಚೌಕಟ್ಟಿನೊಳಗೆ ಒಂದೇ ವಾಕ್ಯ: ಲೇಖಕರ ಕೋರಿಕೆಯ ಮೇರೆಗೆ ಈ ಕೃತಿಯನ್ನು ಹಿಂತೆಗೆದುಕೊಳ್ಳಲಾಗಿದೆ.

ಲೇಖಕಿ ನಾನು. ನಾನು ಯಾರನ್ನೂ ಏನನ್ನೂ ಕೋರಿರಲಿಲ್ಲ.

"ಪ್ರಾಪ್ತೀ, ದೋಸೆ ಆರ್ತಾ ಉಂಟು. ಒಳಗೆ ಎಂತ ಮಾಡ್ತಿ?" ಅಮ್ಮ ಕೂಗಿದರು.

ಹೊರಗೆ ಬಂದೆ. ಅಪ್ಪ ತಿಂದು ಮುಗಿಸಿ ಕೈ ಒರೆಸಿಕೊಳ್ಳುತ್ತಿದ್ದರು. ಆ ಸಂಗ್ರಹದಲ್ಲಿ ಹಾಕುವುದು, ತೆಗೆಯುವುದು ಎರಡೂ ಅವರೊಬ್ಬರ ಕೈಯಲ್ಲಿ. ಅವರೇ ಅಲ್ಲಿಯ ಲೈಬ್ರೇರಿಯನ್, ಚೆನ್ನಪ್ಪ ಸರ್. ಕೇಳಬಹುದಿತ್ತು. ಆದರೆ ಕೇಳಿದರೆ, ನಿನಗೆ ಹೇಗೆ ಗೊತ್ತಾಯಿತು ಎನ್ನುತ್ತಾರೆ. ನಾನು ದೋಸೆಗೆ ಕಾಯಿಹಾಲು ಹಾಕಿಕೊಂಡೆ.

ಅವತ್ತೇ ಸಂಜೆ ಅತ್ತಿಗೆ ದೀಕ್ಷಿತಾ ಒಂದು ಕಿಲೋ ಲಾಡು ತಂದಳು. ಅವಳು ಅದೇ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಲೆಕ್ಚರರ್. ನನ್ನ ಪ್ರಬಂಧ ತಿದ್ದಿದ ಆನಿ ಮೇಡಂ ನಿವೃತ್ತರಾಗಿ ಕುವೈಟಿನಲ್ಲಿರುವ ಮಗನ ಹತ್ತಿರ ಹೋದ ಮೇಲೆ ಅವರ ಜಾಗಕ್ಕೆ ಬಂದವಳು. ಇನ್ನೂ ಖಾಯಂ ಆಗಿಲ್ಲ. ಅಣ್ಣ ದಮ್ಮಾಮಿನ ಕಂಪೆನಿ ಮುಚ್ಚಿದ ಮೇಲೆ ವಾಪಸ್ ಬಂದವನು ಹೊಸ ವೀಸಾದ ದಾರಿ ಕಾಯುತ್ತಿದ್ದುದರಿಂದ, ಮನೆಗೆ ಬರುವ ಸಂಬಳ ಅಪ್ಪನದು ಮತ್ತು ಅವಳದು. ಅಪ್ಪನದು ಮೇ ತಿಂಗಳಿಗೆ ಮುಗಿಯುತ್ತದೆ.

"ಪೇಪರ್ ಅಕ್ಸೆಪ್ಟ್ ಆಯ್ತು ಅತ್ತೆ. ಇಂಟರ್‌ನ್ಯಾಷನಲ್ ಜರ್ನಲ್!"

ಅಮ್ಮ ಲಾಡು ತೆಗೆದು ಮೊದಲು ದೇವರ ಮುಂದಿಟ್ಟರು. ಆಮೇಲೆ ಅಜ್ಜಿಗೆ ಕೊಟ್ಟರು. ಅಪ್ಪನ ತಾಯಿ, ದೇಯಿ ಅಜ್ಜಿ, ಅದನ್ನು ಎರಡು ತುಂಡು ಮಾಡಿ ದೊಡ್ಡ ತುಂಡನ್ನು ಬಾಯಿಗೆ ಹಾಕಿಕೊಂಡರು.

"ಎಷ್ಟು ಸಿಗ್ತದೆ ಇದಕ್ಕೆ?"

"ಎಂತ ಎಷ್ಟು ಅಜ್ಜಿ?"

"ಹಣ. ಬರೆದು ಕೊಟ್ಟದ್ದಕ್ಕೆ."

ಅಣ್ಣ ನಕ್ಕ. "ಸಿಗೂದಲ್ಲ ಅಜ್ಜಿ, ಕೊಡೂದು. ಅಚ್ಚು ಹಾಕ್ಲಿಕ್ಕೆ ನಾವೇ ಕೊಡ್ಬೇಕು."

"ನಾವಲ್ಲ, ಲೈಬ್ರರಿ ಕೊಡೂದು," ಎಂದರು ಅಪ್ಪ. ಅಜ್ಜಿ ಏನು ಕೇಳಿದರೂ ಪೂರ್ತಿ ಬಿಡಿಸಿ ಹೇಳುವುದು ಅವರ ಅಭ್ಯಾಸ. "ಪ್ರೊಫೆಸರ್‌ಗಳು ಬಿಟ್ಟಿ ಬರೀತಾರೆ ಅಮ್ಮ. ಬೇರೆ ಪ್ರೊಫೆಸರ್‌ಗಳು ಬಿಟ್ಟಿ ತಿದ್ದಿ ಕೊಡ್ತಾರೆ. ಕಂಪೆನಿಯವ ಅದನ್ನು ಅಚ್ಚು ಹಾಕಿ ಪುನಃ ನಮಗೇ ಮಾರ್ತಾನೆ. ಮೊದಲು ಓದ್ಲಿಕ್ಕೆ ಮಾತ್ರ ಕೊಡ್ಬೇಕಿತ್ತು. ಈಗ ಬರೀಲಿಕ್ಕೂ ಕೊಡ್ಬೇಕು."

ಅಜ್ಜಿ ಬೆರಳು ನೆಕ್ಕಿಕೊಂಡರು. "ನಾವು ಕಟ್ಟಿದ ಬೀಡಿ ತಗೊಳ್ತಿದ್ದ ಬ್ರಾಂಚಿನವ ಕಳ್ಳ ಅಂತ ಇಷ್ಟು ವರ್ಷ ಬೈದೆ ನಾನು. ಪಾಪ, ಅವ ಎಲೆಯಾದ್ರೂ ಕೊಡ್ತಿದ್ದ."

ಎಲ್ಲರೂ ನಕ್ಕರು, ಅಪ್ಪನೂ ನಕ್ಕರು. ನಾನು ಲಾಡಿನಲ್ಲಿದ್ದ ಏಲಕ್ಕಿ ಸಿಪ್ಪೆಯನ್ನು ಹಲ್ಲಿನಿಂದ ಬಿಡಿಸುತ್ತಾ, ಅತ್ತಿಗೆಯ ಪೇಪರು ಯಾವುದರ ಬಗ್ಗೆ ಎಂದು ಯಾರಾದರೂ ಕೇಳಲಿ ಎಂದು ಕಾದೆ. ಯಾರೂ ಕೇಳಲಿಲ್ಲ.

ಅಪ್ಪ ಕೆಲಸಕ್ಕೆ ಸೇರಿದ ಕಾಲದಲ್ಲಿ ಜರ್ನಲ್‌ಗಳು ಅಂಚೆಯಲ್ಲಿ ಬರುತ್ತಿದ್ದವು. ಸಣ್ಣವಳಿದ್ದಾಗ ಶನಿವಾರ ಅವರ ಜೊತೆ ಹೋಗಿ ನಾನು ನೋಡಿದ್ದೇನೆ. ಕಂದು ಲಕೋಟೆ ಒಡೆದು, ಮುದ್ರೆ ಹೊಡೆದು, ಬಂದ ತಾರೀಕು ಬರೆದು, ಕಿಟಕಿಯ ಪಕ್ಕದ ಓರೆ ಹಲಗೆಯ ಮೇಲೆ ನಿಲ್ಲಿಸುತ್ತಿದ್ದರು. ತಾರೀಕು ಹಾಕದೆ ಒಂದನ್ನೂ ಹೊರಗಿಡುತ್ತಿರಲಿಲ್ಲ. ಆಮೇಲೆ ಬೆಲೆ ಏರಿತು, ಒಂದೊಂದಾಗಿ ನಿಲ್ಲಿಸಿದರು. ಆಮೇಲೆ ಕಂಪೆನಿಯವರು ಬೇಕಾದ ನಾಲ್ಕರ ಜೊತೆ ಬೇಡದ ನಾನೂರನ್ನು ಸೇರಿಸಿ ಒಂದೇ ಕಟ್ಟು ಮಾಡಿ ಕಂಪ್ಯೂಟರಿನಲ್ಲಿ ಕೊಟ್ಟರು. ಅದರ ಹಣ ಕಟ್ಟಲಾಗದೆ ನಿಲ್ಲಿಸಿದ ದಿನ, ಹಿಂದಿನ ವರ್ಷಗಳಿಗೆ ಕಟ್ಟಿದ್ದೂ ಮುಚ್ಚಿಹೋಯಿತು. ಓರೆ ಹಲಗೆ ಖಾಲಿ, ಕಂಪ್ಯೂಟರೂ ಖಾಲಿ. ಅವತ್ತು ಅಪ್ಪ ಊಟ ಮಾಡಿರಲಿಲ್ಲ.

ಆ ಸಿಟ್ಟಿನಲ್ಲೇ ಅವರು ಡಿಜಿಟಲ್ ಸಂಗ್ರಹ ಶುರು ಮಾಡಿದ್ದು. "ನಮ್ಮ ಮಕ್ಕಳು ಬರೆದದ್ದನ್ನಾದ್ರೂ ನಾವೇ ಇಟ್ಕೊಳ್ಳುವ. ಯಾರು ಬೇಕಾದ್ರೂ ಬಿಟ್ಟಿ ಓದ್ಲಿ. ಇದನ್ನು ಯಾರೂ ಬಂದ್ ಮಾಡ್ಲಿಕ್ಕಾಗೂದಿಲ್ಲ," ಎಂದಿದ್ದರು. ಮೊತ್ತಮೊದಲು ಹಾಕಿದ್ದು ನನ್ನ ಪ್ರಬಂಧ.

ಈಗ ಲೈಬ್ರರಿಯ ಹಣ ಓದಲಿಕ್ಕಲ್ಲ, ಅಚ್ಚು ಹಾಕಿಸಲಿಕ್ಕೆ. ಕಾಲೇಜು ನೋಡಲು ಬರುವ ತಂಡ ಎಷ್ಟು ಪೇಪರ್ ಎಂದು ಕೇಳುತ್ತದೆಯೇ ಹೊರತು ಎಷ್ಟು ಪುಸ್ತಕ ಎಂದು ಕೇಳುವುದಿಲ್ಲವಂತೆ. ಓದುವ ಹಾಲ್‌ನ ಅರ್ಧಕ್ಕೆ ಪ್ಲೈವುಡ್ ಅಡ್ಡ ಹೊಡೆದು ಪಬ್ಲಿಕೇಶನ್ ಸೆಲ್ ಎಂದು ಬೋರ್ಡು ಹಾಕಿದ್ದಾರೆ. ಅದಕ್ಕೂ ಅಪ್ಪನೇ. ಯಾವ ಲೆಕ್ಚರರ್ ಪೇಪರ್ ಬರೆದರೂ ಅಪ್ಪ ಅದನ್ನು ಕಂಪ್ಯೂಟರಿಗೆ ಹಾಕಿ, ಕಾಪಿ ಹೊಡೆದದ್ದಲ್ಲ ಎಂದು ಸಹಿ ಮಾಡಿದರೆ ಮಾತ್ರ ಹಣ ಬಿಡುಗಡೆ. ಪೇಪರುಗಳ ಸಂಖ್ಯೆ ಏರಿದರೆ ಅಪ್ಪನಿಗೆ ಎರಡು ವರ್ಷ ಹೆಚ್ಚು ಕೆಲಸ ಕೊಡುವುದಾಗಿ ಪ್ರಿನ್ಸಿಪಾಲ್ ಬಾಯಿಮಾತಿನಲ್ಲಿ ಹೇಳಿದ್ದಾರೆ.

ನಾನು ಒಂದು ವಾರ ಸುಮ್ಮನಿದ್ದೆ. ಸುಮ್ಮನಿರುವುದು ನನಗೆ ಕಷ್ಟದ ಕೆಲಸವಲ್ಲ. ಆದರೆ ಸುರತ್ಕಲ್ ಹತ್ತಿರದ ಒಂದು ಸಂಶೋಧನಾ ಕೇಂದ್ರಕ್ಕೆ ನಾನು ಅರ್ಜಿ ಹಾಕಿದ್ದೆ, ಕರಾವಳಿಯ ಕೂಲಿ ಹೆಂಗಸರ ಬಗ್ಗೆ ಮೂರು ವರ್ಷದ ಕೆಲಸ. ಅರ್ಜಿಯಲ್ಲಿ ನಿಮ್ಮ ಬರವಣಿಗೆ ಎಲ್ಲಿ ಸಿಗುತ್ತದೆ ಎಂದು ಕೇಳಿದ ಕಡೆ ನಾನು ಕೊಟ್ಟದ್ದು ಆ ಒಂದು ವಿಳಾಸ. ಕೊಡಲು ಬೇರೆ ಏನೂ ಇರಲಿಲ್ಲ.

ಶನಿವಾರ ಮಧ್ಯಾಹ್ನ ಕಾಯಿ ಹೆರೆಯುವುದು ಅಪ್ಪನ ಕೆಲಸ. ಹಿಂದಿನ ಜಗಲಿಯಲ್ಲಿ ಹೆರೆಮಣೆ ಹಾಕಿ ಕೂತಿದ್ದರು. ಎದುರು ಕೂತು ಬಸಳೆ ಎಲೆ ಬಿಡಿಸುತ್ತಾ ಕೇಳಿದೆ.

"ಅಪ್ಪ, ನನ್ನ ಪ್ರಬಂಧ ಸೈಟಿನಲ್ಲಿ ಕಾಣೂದಿಲ್ಲ."

ಹೆರೆಯುವ ಸದ್ದು ನಿಂತು ಪುನಃ ಶುರುವಾಯಿತು. "ನೀನು ಯಾವಾಗ ನೋಡಿದ್ದು?"

"ದಿನಾ ನೋಡ್ತೇನೆ."

"ನಿನ್ನದನ್ನು ನೀನೇ?"

ಅವರ ತುಟಿ ಸ್ವಲ್ಪ ಅಗಲವಾಯಿತು. ಇಷ್ಟು ದಿನ ಹೆದರಿದ್ದು ಇದಕ್ಕೇ. ಆಗಿಹೋಯಿತು.

"ಸ್ವಲ್ಪ ದಿನಕ್ಕೆ ತೆಗೆದದ್ದು ಮಗಾ. ದೀಕ್ಷಿತಾಳ ಪೇಪರ್ ಚೆಕ್ ಮಾಡುವಾಗ ನಿನ್ನದರ ಜೊತೆ ಮ್ಯಾಚ್ ಆಯ್ತು. ಪೇಜಿನ ಮೇಲೆ ಪೇಜ್ ಕೆಂಪು. ನಮ್ಮ ಕಂಪ್ಯೂಟರ್ ನಮ್ಮ ಸಂಗ್ರಹದ ಜೊತೆಗೇ ಹೋಲಿಸೂದಲ್ವಾ? ನಿನ್ನದನ್ನು ತೆಗೆದು ಅವಳದನ್ನು ಪುನಃ ಹಾಕಿದೆ. ಕ್ಲೀನ್ ಬಂತು."

"ಅಂದ್ರೆ ಅವಳು ನನ್ನದನ್ನೇ ಬರೆದದ್ದಾ?"

"ಮಾದರಿಗೆ ಇರ್ಲಿ ಅಂತ ನಾನೇ ಫೈಲ್ ಕೊಟ್ಟಿದ್ದೆ. ಅವಳಿಗೆ ಪುರುಸೊತ್ತಾದ್ರೂ ಎಲ್ಲಿ ಉಂಟು? ಮನೆಯದ್ದೇ ಅಲ್ವಾ ಅಂತ ತಗೊಂಡಿದ್ದಾಳೆ."

"ನಾನು ತೆಗೀಲಿಕ್ಕೆ ಹೇಳಿದ್ದು ಅಂತ ಬರ್ತದೆ ಅಲ್ಲಿ."

ಅಪ್ಪ ತೆಂಗಿನ ಗಡಿ ತಿರುಗಿಸಿ ಅಂಚು ಹೆರೆದರು. ಇದನ್ನು ಹೇಳುವಾಗ ಅವರ ಗಂಟಲಿಗೆ ಲೈಬ್ರರಿಯಲ್ಲಿ ಮಕ್ಕಳಿಗೆ ಹೇಳುವ ಧಾಟಿ ಬಂತು. "ಕಾರಣ ಹಾಕದೆ ತೆಗೀಲಿಕ್ಕೆ ಆಗೂದಿಲ್ಲ. ಅದು ಪದ್ಧತಿ. ಇದ್ದದ್ದು ಯಾಕೆ ಇಲ್ಲ ಅಂತ ಓದುವವನಿಗೆ ಗೊತ್ತಾಗ್ಬೇಕು. ಕಂಪ್ಯೂಟರಿನಲ್ಲಿ ಮೂರೇ ಕಾರಣ ಇರೂದು. ಹಕ್ಕಿನ ತಕರಾರು, ಕೃತಿಚೌರ್ಯ, ಲೇಖಕರ ಕೋರಿಕೆ. ಮೊದಲಿನ ಎರಡು ಹಾಕಿದ್ರೆ ನಿನ್ನ ಹೆಸರಿಗೇ ಕೆಟ್ಟದು. ಅದಕ್ಕೆ ನಿನಗೆ ತೊಂದರೆ ಆಗದ್ದನ್ನೇ ಹಾಕಿದೆ."

ಅವರು ಅದನ್ನು ನಂಬಿದ್ದರು. ಸುಳ್ಳು ಹೇಳುವುದಕ್ಕೂ ಪದ್ಧತಿ ಪ್ರಕಾರ ಒಂದು ಕಾರಣ ಆರಿಸಿ, ಮಗಳಿಗೆ ಉಪಕಾರ ಮಾಡಿದೆ ಎಂದುಕೊಂಡಿದ್ದರು.

"ಪೇಪರ್ ಬಂದ ಮೇಲೆ ವಾಪಸ್ ಹಾಕ್ತೇನೆ."

"ಆಗ ನನ್ನದರ ತಾರೀಕು ಅವಳದ್ದಕ್ಕಿಂತ ಆಮೇಲಿನದ್ದಾಗ್ತದೆ ಅಪ್ಪ. ನಾನು ಅವಳದ್ದನ್ನು ಕದ್ದ ಹಾಗೆ ಕಾಣ್ತದೆ."

"ತಾರೀಕು ಯಾರು ನೋಡ್ತಾರೆ ಮಾರಾಯ್ತಿ!"

ನಾನು ಅವರ ಮುಖ ನೋಡಿದೆ. ಅವರು ನೋಡಲಿಲ್ಲ. ತುರಿ ಬಿಳಿ ಮುಗಿದು ಕಂದು ಚೂರು ಬೀಳತೊಡಗಿತ್ತು. ಹಾಗೆ ಬಿದ್ದರೆ ಅಮ್ಮ ಬೈಯುತ್ತಾರೆ. ಆದರೂ ಹೆರೆಯುತ್ತಲೇ ಇದ್ದರು.

ಮಾತು ಒಳಗೆ ಹೇಗೆ ಹೋಯಿತೋ, ಸಂಜೆ ಅಡಿಗೆಮನೆಯಲ್ಲಿ ಅತ್ತಿಗೆ ನನ್ನನ್ನು ಹಿಡಿದಳು. ಅವಳು ಬೆಳಿಗ್ಗೆ ಐದಕ್ಕೆ ಎದ್ದು ಕುಚ್ಚಲಕ್ಕಿ ಒಲೆಗಿಟ್ಟು, ಕಾಲೇಜಿಗೆ ಹೋಗಿ, ಚೀಲದ ತುಂಬ ಉತ್ತರಪತ್ರಿಕೆ ಹೊತ್ತು ಬರುವವಳು. ಅದು ನನಗೆ ಗೊತ್ತು. ಆಯಾಸಕ್ಕೆ ಅವಳ ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ಮಾವನ ಹತ್ರ ಹೇಳಿದಿಯಂತೆ, ನಾನು ಕದ್ದೆ ಅಂತ."

ನಾನು ಪಾತ್ರೆ ತೊಳೆಯುತ್ತಿದ್ದೆ. "ಹಾಗೆ ಹೇಳ್ಲಿಲ್ಲ."

"ಮತ್ತೆ ಹೇಗೆ? ಫೈಲ್ ಕೊಟ್ಟದ್ದು ಮಾವ. ನಾನು ಅದಕ್ಕೆ ಥಿಯರಿ ಸೇರಿಸಿದ್ದೇನೆ, ರೆಫರೆನ್ಸ್ ಸೇರಿಸಿದ್ದೇನೆ. ಅಲ್ಲಿ ಬಿದ್ದುಕೊಂಡಿದ್ದನ್ನು ಯಾರಾದ್ರೂ ಓದ್ತಿದ್ರಾ?"

ಓದುತ್ತಿದ್ದವಳು ನಾನೊಬ್ಬಳೇ. ಇನ್ನೊಂದು ಪಾತ್ರೆ ತೆಗೆದುಕೊಂಡೆ.

"ಈ ವರ್ಷ ಪೇಪರ್ ಇಲ್ಲದಿದ್ರೆ ನನ್ನನ್ನು ತೆಗೀತಾರೆ. ತೆಗೆದ್ರೆ ಗ್ಯಾಸ್ ಸಿಲಿಂಡರ್ ಯಾರು ತರೂದು, ನೀನಾ?"

"ದೀಕ್ಷಿತಾ, ಸ್ವಲ್ಪ ಮೆಲ್ಲ," ಅಣ್ಣ ಬಾಗಿಲಲ್ಲಿ ನಿಂತು ಹೇಳಿದ.

"ನೀವು ಸುಮ್ಮನಿರಿ! ನಿಮ್ಮ ವೀಸಾ ಬಂದಿದ್ರೆ ನಾನು ಯಾಕೆ ಹೀಗೆ ಬೀಡಿಯ ಪೇಪರ್ ಹಿಡ್ಕೊಂಡು ಕೂತ್ಕೊಳ್ಬೇಕಿತ್ತು?"

ಅಣ್ಣ ಹೊರಗೆ ಹೋಗಿ ಸ್ಕೂಟರ್ ಸ್ಟಾರ್ಟ್ ಮಾಡಿದ. ಅಮ್ಮ ನನ್ನ ಕೈಯಿಂದ ಪಾತ್ರೆ ತೆಗೆದುಕೊಂಡು ಮೆಲ್ಲಗೆ ಹೇಳಿದರು, "ಬಿಡು ಮಗಾ. ಒಂದು ಹೆಸರು ಅಲ್ವಾ? ಮದುವೆಯಾದ್ರೆ ಹೇಗೂ ಬದಲಾಗ್ತದೆ."

ಡಿಸೆಂಬರಿನಲ್ಲಿ ಪೇಪರು ಅಚ್ಚಾಯಿತು. ಅಣ್ಣ ಊಟದ ಹೊತ್ತಿಗೆ ಹೆಂಡತಿಯ ಸಿಟ್ಟು ಇಳಿಸಲೆಂದು ಮೊಬೈಲಿನಲ್ಲಿ ಅದನ್ನು ತೆರೆಯಲು ಹೋದ.

"ಇದೆಂತ ಮಾರಾಯ್ರೇ, ಓದ್ಬೇಕಾದ್ರೆ ಡಾಲರ್ ಕೊಡ್ಬೇಕಂತೆ."

"ಲೈಬ್ರರಿಯಲ್ಲಿ ಸಿಗೂದಿಲ್ವಾ?" ಅಮ್ಮ ಕೇಳಿದರು.

"ಇಲ್ಲ," ಎಂದರು ಅಪ್ಪ, ಮೀನಿನ ಮುಳ್ಳು ಬಿಡಿಸುತ್ತಾ. "ಆ ಜರ್ನಲ್ ನಮ್ಮಲ್ಲಿಲ್ಲ."

ಅಚ್ಚಿಗೆ ಹಣ ಕಟ್ಟಿದ ಲೈಬ್ರರಿಗೇ ಅದನ್ನು ತೆರೆಯುವ ಹಕ್ಕಿರಲಿಲ್ಲ. ನನ್ನ ಪ್ರಬಂಧ ಬಿಟ್ಟಿ ಇದ್ದಾಗ ಯಾರೂ ಬರಲಿಲ್ಲ. ಈಗ ಅದೇ ಮಾತುಗಳು ಡಾಲರಿಗೆ.

ಅತ್ತಿಗೆ ತನಗೆ ಬಂದ ಪ್ರತಿ ತಂದುಕೊಟ್ಟಳು. ಅಣ್ಣ ಒಂದು ಕಡೆ ಬೆರಳಿಟ್ಟು ಅಜ್ಜಿಗೆ ತುಳುವಿನಲ್ಲಿ ಹೇಳಿದ: "ಅಜ್ಜಿ, ನಿಮ್ಮ ವಿಷಯ ಉಂಟು ಇದರಲ್ಲಿ. ಸರಿ ಇಲ್ಲ ಅಂತ ಬದಿಗೆ ಹಾಕಿದ ಬೀಡಿಯನ್ನು ಬ್ರಾಂಚಿನವ ವಾಪಸ್ ಕೊಡ್ತಿರಲಿಲ್ಲ, ಅದನ್ನೂ ಮಾರ್ತಿದ್ದ, ಲೆಕ್ಕದಲ್ಲಿ ಮಾತ್ರ ನಮಗೆ ಕಡಿತ ಅಂತ ಒಬ್ಬ ಮುದುಕಿ ಲೇಖಕಿಗೆ ಹೇಳಿದ್ದಾಳೆ."

"ಮುದುಕಿ ಅಂದ್ರೆ ನಾನು. ಲೇಖಕಿ ಅಂದ್ರೆ?"

"ಬರೆದವಳು. ದೀಕ್ಷಿತಾ."

ಅಜ್ಜಿ ಗಂಜಿಯ ಬಟ್ಟಲು ಕೆಳಗಿಟ್ಟರು. "ನಾನು ಹೇಳಿದ್ದು ಈ ಬಾಲೆಗೆ. ಒಂದು ಮಳೆಗಾಲ ಪೂರ್ತಿ ನನ್ನ ಕಾಲಿನ ಹತ್ರ ಕೂತು ಕೇಳಿದ್ದಾಳೆ. ದೀಕ್ಷಿತಾ ನನ್ನ ಹತ್ರ ಕೇಳಿದ್ದು ಒಂದೇ: ಅಜ್ಜಿ, ಫ್ಯಾನ್ ಆಫ್ ಮಾಡ್ಲಾ?"

ಅತ್ತಿಗೆ ಎದ್ದು ತಟ್ಟೆ ತೆಗೆದುಕೊಂಡು ಹೋದಳು. ಅವಳ ತಟ್ಟೆಯಲ್ಲಿ ಬಂಗುಡೆ ಮುಟ್ಟದೆ ಉಳಿದಿತ್ತು.

"ನೀವು ಊಟ ಮಾಡಿ ಅತ್ತೆ," ಅಮ್ಮ ಅಜ್ಜಿಗೆ ಹೇಳಿದರು.

"ಚೆನ್ನಪ್ಪ," ಅಜ್ಜಿ ಅಪ್ಪನ ಕಡೆ ತಿರುಗಿದರು. "ನಿನಗೆ ಇದು ಗೊತ್ತುಂಟಾ?"

"ಗೊತ್ತುಂಟು ಅಮ್ಮ."

"ಗೊತ್ತುಂಟು," ಎಂದು ಅಜ್ಜಿ ಅದನ್ನೇ ಹೇಳಿ ಬಟ್ಟಲು ಎತ್ತಿಕೊಂಡರು.

ಮರುವಾರ ನನಗೆ ಸುರತ್ಕಲ್ಲಿನಿಂದ ಮೇಲ್ ಬಂತು. ಕೊನೆಯ ಸುತ್ತಿಗೆ ಇಬ್ಬರನ್ನು ಉಳಿಸಿಕೊಂಡಿದ್ದೇವೆ, ನೀವು ಅವರಲ್ಲಿ ಒಬ್ಬರು, ಈ ಕೆಲಸದ ಮುಖ್ಯಸ್ಥೆ ಏವ್ರಿಲ್ ಮೇಡಂ ಫೋನಿನಲ್ಲಿ ಮಾತಾಡುತ್ತಾರೆ. ಅಪ್ಪನಿಗೆ ತೋರಿಸಿದೆ. ಓದಿ ಸಂತೋಷಪಟ್ಟರು, ನಿಜವಾಗಿಯೂ. ಕನ್ನಡಕ ತೆಗೆದು ಒರೆಸಿ ಪುನಃ ಓದಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಪ್ರಬಂಧದ ಬಗ್ಗೆ ಕೇಳಿದ್ರೆ ವೈಯಕ್ತಿಕ ಕಾರಣ ಅಂತ ಹೇಳು. ನಿನ್ನ ಹತ್ರ ಇರುವ ಫೈಲ್ ಕಳಿಸಿಬಿಡು. ಅಷ್ಟೇ ಸಾಕು," ಎಂದರು.

"ಅಷ್ಟು ಸಾಕಾ?"

"ನಾನೊಂದು ಸಹಿ ಹಾಕಿದ್ದೇನಲ್ಲ ಮಗಾ. ಅದು ಸುಳ್ಳು ಅಂತ ಆದ್ರೆ ಅವಳ ಕೆಲಸವೂ ಹೋಗ್ತದೆ, ನನ್ನದೂ ಮುಗೀತದೆ. ನಿನಗೆ ಇನ್ನೂ ವಯಸ್ಸುಂಟು. ಇನ್ನೊಂದು ಬರೀಬಹುದು."

ಅಜ್ಜಿಯ ಇನ್ನೊಂದು ಮಳೆಗಾಲ ನನಗೆ ಯಾರು ಕೊಡುತ್ತಾರೆ ಎಂದು ಕೇಳಲಿಲ್ಲ. ಆಯಿತು ಎಂದು ತಲೆಯಾಡಿಸಿದೆ. ನಾಲ್ಕು ದಿನ ಬಟ್ಟೆ ಒಣಗಿಸುವಾಗ, ಅಂಗಳ ಗುಡಿಸುವಾಗ ಮನಸ್ಸಿನಲ್ಲೇ ಹೇಳಿ ಅಭ್ಯಾಸ ಮಾಡಿದೆ: ವೈಯಕ್ತಿಕ ಕಾರಣ ಮೇಡಂ, ವೈಯಕ್ತಿಕ ಕಾರಣ.

ಭಾನುವಾರ ಅಣ್ಣ ಸಿಗಡಿ ತಂದಿದ್ದ. ಎಲ್ಲರೂ ಹಿಂದಿನ ಜಗಲಿಯಲ್ಲೇ ಇದ್ದರು. ಅಮ್ಮ ಮಸಾಲೆಗೆ ಹುಳಿ ನೆನೆಸುತ್ತಿದ್ದರು, ಅತ್ತಿಗೆ ನನ್ನ ಎದುರು ಕೂತು ನೀರುಳ್ಳಿ ಹೆಚ್ಚುತ್ತಿದ್ದಳು, ಅಪ್ಪ ಬೆಳಗಿನ ನ್ಯೂಸ್‌ಪೇಪರ್ ಓದುತ್ತಿದ್ದರು, ಅಜ್ಜಿ ಗೋಡೆಗೆ ಒರಗಿ ಕಾಲು ಚಾಚಿದ್ದರು. ನಾನು ಸಿಗಡಿ ಸುಲಿಯುತ್ತಿದ್ದೆ. ಮೊಣಕೈವರೆಗೆ ಅದರ ನೀರು. ಮೊಬೈಲ್ ಹೊಡೆದುಕೊಂಡಿತು.

"ಹೊಸ ನಂಬರ್," ಎಂದು ಅಮ್ಮ ಒದ್ದೆ ಬೆರಳನ್ನು ಸೆರಗಿಗೆ ಒರೆಸಿ, ಒತ್ತಿ, ಸ್ಪೀಕರಿಗೆ ಹಾಕಿ ನನ್ನ ಮುಂದೆ ಹಿಡಿದರು.

"ಪ್ರಾಪ್ತಿ ಅಲ್ವಾ? ಏವ್ರಿಲ್ ಮಾತಾಡುವುದು. ಭಾನುವಾರ ತೊಂದರೆ ಕೊಟ್ಟೆ."

"ಇಲ್ಲ ಮೇಡಂ."

"ನಿಮ್ಮ ಅರ್ಜಿಯಲ್ಲಿ ಬರೆದದ್ದು ನನಗೆ ತುಂಬ ಹಿಡಿಸಿತು. ಆ ಬದಿಗೆ ಹಾಕಿದ ಬೀಡಿಗಳ ಮಾತು ಉಂಟಲ್ಲ, ಅದು. ಆದರೆ ಪೂರ್ತಿ ಓದುವ ಅಂತ ನಿಮ್ಮ ಲೈಬ್ರರಿ ಸೈಟಿಗೆ ಹೋದರೆ, ಲೇಖಕರ ಕೋರಿಕೆಯ ಮೇರೆಗೆ ತೆಗೆದಿದೆ ಅಂತ ಬಂತು. ಅದೇ ಮಾತು ಈ ತಿಂಗಳು ಇನ್ನೊಬ್ಬರ ಪೇಪರಿನಲ್ಲಿಯೂ ಉಂಟು. ನನಗೆ ನಿಮ್ಮ ಬಾಯಿಂದಲೇ ಕೇಳಬೇಕಿತ್ತು. ನಿಮ್ಮದನ್ನು ನೀವೇ ಯಾಕೆ ವಾಪಸ್ ತೆಗೆಸಿದಿರಿ?"

ನೀರುಳ್ಳಿ ಹೆಚ್ಚುವ ಸದ್ದು ನಿಂತಿತು. ಅತ್ತಿಗೆ ನನ್ನನ್ನು ನೋಡಲಿಲ್ಲ, ಹಲಗೆಯ ಮೇಲಿನ ಅರ್ಧ ನೀರುಳ್ಳಿಯನ್ನು ನೋಡುತ್ತಿದ್ದಳು. ಅಣ್ಣ ಬಾವಿಕಟ್ಟೆಯ ಹತ್ತಿರ ನಿಂತುಬಿಟ್ಟ. ಮೊಬೈಲ್ ಹಿಡಿದ ಅಮ್ಮನ ತಲೆ ಬೇಡ ಬೇಡ ಎಂದು ಆಡುತ್ತಿತ್ತು. ಅಪ್ಪ ಪೇಪರನ್ನು ಮಡಿಲಿಗೆ ಇಳಿಸಿ, ತುಟಿ ಮಾತ್ರ ಅಲ್ಲಾಡಿಸಿ ನನಗೆ ಉತ್ತರ ಹೇಳಿಕೊಟ್ಟರು. ವೈಯಕ್ತಿಕ ಕಾರಣ.

"ಹಲೋ? ಪ್ರಾಪ್ತಿ, ಕೇಳಿಸ್ತಾ ಉಂಟಾ?"

ಅಜ್ಜಿಗೆ ಕನ್ನಡ ಪೂರ್ತಿ ಹಿಡಿಯುವುದಿಲ್ಲ. ಅವರು ಎಲ್ಲರ ಮುಖವನ್ನು ಒಂದೊಂದಾಗಿ ನೋಡಿ, ಕೊನೆಗೆ ನನ್ನ ಮುಖದ ಮೇಲೆ ಕಣ್ಣು ನಿಲ್ಲಿಸಿದರು.

ನನ್ನ ಕೈಯಲ್ಲಿದ್ದ ಸಿಗಡಿಯನ್ನು ಬಟ್ಟಲಿಗೆ ಹಾಕಿದೆ. ನನ್ನ ಸ್ವರ ಅಷ್ಟು ದೊಡ್ಡದಾಗಿ ಬರುತ್ತದೆ ಎಂದು ನನಗೇ ಗೊತ್ತಿರಲಿಲ್ಲ.

"ಕೇಳಿಸ್ತಾ ಉಂಟು ಮೇಡಂ. ತೆಗೀರಿ ಅಂತ ನಾನು ಯಾರ ಹತ್ರವೂ ಕೇಳಿಕೊಳ್ಳಲಿಲ್ಲ."